ಎಂಬತ್ತರ ಲಯ

2024ರ ಜುಲೈ 21ರಂದು ಅಮೆರಿಕದ ಮಿಸೌರಿ ರಾಜ್ಯದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಆ ವರ್ಷದ ಪ್ರವಾಸ ಮುಗಿಯಿತು. ಅದಾದ ಐದೇ ದಿನಕ್ಕೆ ಹಾಡುಗಾರ ಮಿಕ್ ಜಾಗರ್‌ಗೆ 81 ತುಂಬಿತು. ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ಗೆ ಆಗಲೇ 80 ಆಗಿತ್ತು. ಪ್ರವಾಸದ ಪ್ರಾಯೋಜಕತ್ವ ವಹಿಸಿಕೊಂಡಿದ್ದು ಎಎಆರ್‌ಪಿ, ಅಂದರೆ ಐವತ್ತು ದಾಟಿದ ಅಮೆರಿಕನ್ನರ ಹಿತ ನೋಡಿಕೊಳ್ಳುವ ಸಂಸ್ಥೆ. ಇದನ್ನು ಹಿಡಿದುಕೊಂಡು ತಮಾಷೆ ಮಾಡಿದವರು ಬಹಳ ಮಂದಿ. ಅದೇ ಸಂಶಯವನ್ನು ಈ ಅಂಕಣದ ಓದುಗರೊಬ್ಬರು ಸಭ್ಯವಾಗಿಯೇ ಕೇಳಿದ್ದಾರೆ: ಇಪ್ಪತ್ತರ ಹಾಡನ್ನು ಎಂಬತ್ತರಲ್ಲಿ ಹಾಡುವವರನ್ನು ಅಷ್ಟೊಂದು ದುಡ್ಡು ಕೊಟ್ಟು ಯಾಕೆ ನೋಡಬೇಕು? ಮನೆಯಲ್ಲಿ ಕೂತು ಹಳೆಯ ರೆಕಾರ್ಡ್ ಕೇಳಿದರೆ ಸಾಲದೆ?

ಸಾಲದು. ಯಾಕೆ ಸಾಲದು ಎಂಬುದನ್ನು ಈ ವಾರ ಬಿಡಿಸಿ ಹೇಳುತ್ತೇನೆ. ಆದರೆ ಪ್ರಶ್ನೆಯೊಳಗೇ ಕೂತಿರುವ ಒಂದು ನಂಬಿಕೆಯನ್ನು ಮೊದಲು ಅಲ್ಲಾಡಿಸಬೇಕಾಗಿದೆ. ಇವು ನಿಜಕ್ಕೂ ಇಪ್ಪತ್ತರ ಹಾಡುಗಳೇ?

1961ರ ಅಕ್ಟೋಬರ್‌ನ ಒಂದು ಬೆಳಿಗ್ಗೆ, ಲಂಡನ್ನಿಗೆ ಹತ್ತಿರದ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಜಾಗರ್ ಮತ್ತು ಕೀತ್ ಎಂಬ ಇಬ್ಬರು ಹುಡುಗರು ಎದುರಾದರು. ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಓದಿ, ಆಮೇಲೆ ಬೇರೆ ಬೇರೆ ದಾರಿ ಹಿಡಿದವರು. ಜಾಗರ್ ಕಂಕುಳಲ್ಲಿ ಅಮೆರಿಕದ ಚಕ್ ಬೆರಿ ಮತ್ತು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ರ ರೆಕಾರ್ಡುಗಳಿದ್ದವು. ಮಾತು ಅಲ್ಲಿಂದ ಶುರುವಾಯಿತು. ಮರುವರ್ಷ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ತಂಡ ತನ್ನ ಹೆಸರನ್ನು ಎತ್ತಿಕೊಂಡದ್ದೂ ಮಡ್ಡಿ ವಾಟರ್ಸ್‌ರ 1950ರ ಹಾಡೊಂದರಿಂದಲೇ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಬೆವರು ಸುರಿಸಿ, ಷಿಕಾಗೋದಂಥ ಊರುಗಳಿಗೆ ಗುಳೆ ಹೋದ ಕಪ್ಪು ಜನರ ಸಂಗೀತ ಬ್ಲೂಸ್. ಮೈ ದಣಿದವರ, ಮನೆ ಬಿಟ್ಟು ಬಂದವರ, ಹತ್ತಿರದಿಂದ ಸಾವು ಕಂಡವರ ಹಾಡು ಅದು. ಇಂಗ್ಲೆಂಡಿನ ಹುಡುಗರು ಅದನ್ನು ಒಂದೊಂದೇ ಸಾಲಾಗಿ ಬಾಯಿಪಾಠ ಮಾಡಿದರು. ತಮ್ಮ ಅನುಭವಕ್ಕೆ ಇನ್ನೂ ದಕ್ಕದ ಮಾತುಗಳನ್ನು ಹಾಡಿದರು.

1965ರಲ್ಲಿ ಅಮೆರಿಕದ ‘ಷಿಂಡಿಗ್’ ಎಂಬ ಟಿ.ವಿ. ಕಾರ್ಯಕ್ರಮಕ್ಕೆ ಕರೆ ಬಂದಾಗ ಸ್ಟೋನ್ಸ್ ಹಟ ಹಿಡಿದು ತಮ್ಮ ಜತೆಗೆ ಹೌಲಿನ್ ವುಲ್ಫ್ ಅವರನ್ನೂ ಕರೆಸಿದರು. ಸ್ವಂತ ದೇಶದ ಬಿಳಿಯ ಪ್ರೇಕ್ಷಕರಿಗೆ ಹೆಚ್ಚಾಗಿ ಗೊತ್ತೇ ಇರದಿದ್ದ ಆ ಮಹಾನ್ ಬ್ಲೂಸ್ ಗಾಯಕರಿಗೆ ಆಗ 54 ವರ್ಷ. ಅವರು ಹಾಡುವಾಗ ಈ ಹುಡುಗರು ವೇದಿಕೆಯಲ್ಲೇ ಅವರ ಕಾಲ ಬಳಿ ಕೂತು ಕೇಳಿದರು. ವುಲ್ಫ್ ಹುಟ್ಟಿದ್ದು 1910ರಲ್ಲಿ, ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ ವರ್ಷ. ಎಂಬತ್ತರ ಮನ್ಸೂರರು ಹಾಡಲು ಕೂತಾಗ ‘ಈ ವಯಸ್ಸಿನಲ್ಲಿ ಯಾಕೆ’ ಎಂದು ಧಾರವಾಡದಲ್ಲಿ ಯಾರೂ ಕೇಳಿದ್ದಿಲ್ಲ. ಗಂಗೂಬಾಯಿ ಹಾನಗಲ್ಲರು ತೊಂಬತ್ತು ದಾಟಿದ ಮೇಲೂ ಹಾಡಿದಾಗ ಜನ ಉಸಿರು ಬಿಗಿಹಿಡಿದು ಕೇಳಿದರು. ಬ್ಲೂಸ್ ಕೇಳುಗರೂ ಅದೇ ಜಾತಿಯವರು. ವಯಸ್ಸು ಕಂಠದಿಂದ ಏನನ್ನು ಕಿತ್ತುಕೊಂಡಿತು ಎಂಬ ಲೆಕ್ಕ ಅವರಿಗೆ ಬೇಡ, ಉಳಿದಿರುವುದನ್ನು ಎಲ್ಲಿ ಇಡುತ್ತಾರೆ ಎಂಬುದರ ಮೇಲೆಯೇ ಅವರ ಕಿವಿ. ರಾಕ್ ಅಂದರೆ ಹರೆಯದವರ ಸಂಗೀತ ಎಂಬ ಮುದ್ರೆ ಒತ್ತಿದ್ದು ರೆಕಾರ್ಡ್ ಮಾರುವವರು. ಆ ಸಂಗೀತದ ಬೇರು ಮುಪ್ಪಿಗೆ ಎಂದೂ ಹೆದರಿದ್ದಲ್ಲ. ಹಾಗಾಗಿ ಸ್ಟೋನ್ಸ್ ತಮ್ಮ ಹಾಡುಗಳ ವಯಸ್ಸನ್ನು ಈಗ ಮುಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೇನೆ.

ಇನ್ನು ಕೇಳುವ ವಿಷಯ. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುವವರು ಕಾಲಪ್ರಮಾಣ ಹಿಡಿಯುತ್ತಾರೆ, ಉಳಿದವರು ಅವರ ಬೆನ್ನಿಗೆ ನಡೆಯುತ್ತಾರೆ. ಸ್ಟೋನ್ಸ್‌ನಲ್ಲಿ ಇದು ತಿರುವುಮುರುವು. ಮೂರು ದಶಕ ಈ ತಂಡದ ಬೇಸ್ ಗಿಟಾರ್ ಹಿಡಿದ ಬಿಲ್ ವೈಮನ್ ಅದರ ಒಳಗುಟ್ಟನ್ನು ವಿವರಿಸಿದ್ದಾರೆ. ಇಲ್ಲಿ ಮುಂದಾಳು ಕೀತ್‌ರ ಗಿಟಾರ್. ಡ್ರಮ್ಸ್‌ನ ಚಾರ್ಲಿ ವಾಟ್ಸ್ ಅದನ್ನು ಹಿಂಬಾಲಿಸುತ್ತಿದ್ದುದರಿಂದ ಅವರ ಪೆಟ್ಟು ಕೂದಲೆಳೆಯಷ್ಟು ತಡ. ವೈಮನ್‌ರ ಬೇಸ್ ಅಷ್ಟೇ ಮೊದಲು. ಮೂವರೂ ಒಂದೇ ಬಿಂದುವಿಗೆ ಬಂದು ಬೀಳುತ್ತಿರಲಿಲ್ಲ, ಆ ಬಿಂದುವಿನ ಸುತ್ತ ಬೀಳುತ್ತಿದ್ದರು. ಈಗ ಉದುರಿತು, ಈಗ ಉದುರಿತು ಎನ್ನಿಸುವಂತೆ ಹಾಡು ತೂಗಾಡುತ್ತದೆ, ಉದುರುವುದಿಲ್ಲ. ಹೊಸದಾಗಿ ಕೇಳುವವರಿಗೆ ಇದು ತಾಲೀಮು ಸಾಲದ ತಂಡದಂತೆ ಕೇಳಿಸೀತು. ವರ್ಷಗಟ್ಟಲೆ ಒಡನಾಟ ಇಲ್ಲದೆ ಬರುವ ಸಡಿಲವಲ್ಲ ಅದು. ‘ಹಾಂಕಿ ಟಾಂಕ್ ವಿಮೆನ್’ನ 1969ರ ಮೂಲ ಮುದ್ರಣವನ್ನೇ ಹಾಕಿ ನೋಡಿ. ನಿರ್ಮಾಪಕ ಜಿಮ್ಮಿ ಮಿಲ್ಲರ್ ಕೌಬೆಲ್ ಬಡಿದು ಎತ್ತಿಕೊಡುತ್ತಾರೆ, ಡ್ರಮ್ಸ್ ಓರೆಯಾಗಿ ಒಳಗೆ ಬರುತ್ತದೆ, ಮುಗಿಯುವ ಹೊತ್ತಿಗೆ ಹಾಡು ಶುರುವಾದದ್ದಕ್ಕಿಂತ ಚುರುಕಾಗಿರುತ್ತದೆ. ಲಯ ಎಣಿಸುವ ಕ್ಲಿಕ್ ಸದ್ದನ್ನು ಕಿವಿಗೆ ಹಾಕಿಕೊಂಡು ನುಡಿಸುವ ಇಂದಿನ ದೊಡ್ಡ ತಂಡಗಳಲ್ಲಿ ಇದಕ್ಕೆ ಎಡೆಯೇ ಇಲ್ಲ.

ಚಾರ್ಲಿ ವಾಟ್ಸ್‌ರ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಕ್‌ನ ಸಾದಾ ನಡೆಯನ್ನು ಎಂಟು ಎಣಿಕೆಯಾಗಿ ಇಟ್ಟುಕೊಳ್ಳಿ. ಬಲಗೈ ಎಂಟೂ ಎಣಿಕೆಗೆ ಹೈ-ಹ್ಯಾಟ್ ತಾಳದ ಮೇಲೆ ಬೀಳುತ್ತದೆ. ಎಡಗೈ ಮೂರನೆಯ ಮತ್ತು ಏಳನೆಯ ಎಣಿಕೆಗೆ ಸ್ನೇರ್ ಡ್ರಮ್ಮಿನ ಮೇಲೆ. ಆ ಎರಡು ಜಾಗದಲ್ಲಿ ಎರಡೂ ಸದ್ದು ಒಟ್ಟಿಗೆ ಬರುವುದು ವಾಡಿಕೆ. ಚಾರ್ಲಿ ಆ ಎರಡು ಜಾಗದಲ್ಲಿ ಬಲಗೈಯನ್ನು ಎತ್ತಿ ಹಿಡಿದುಬಿಡುತ್ತಿದ್ದರು. ಲೋಹದ ಸದ್ದು ಪಕ್ಕಕ್ಕೆ ಸರಿದು ಸ್ನೇರ್ ಒಂಟಿಯಾಗಿ, ಬಿಡಿಯಾಗಿ ಕೇಳುತ್ತಿತ್ತು. ಬಡಿಯದೇ ಬಿಟ್ಟ ಪೆಟ್ಟಿನಿಂದ ಬಡಿದ ಪೆಟ್ಟಿಗೆ ತೂಕ ಬರುತ್ತಿತ್ತು. ಅವರ ಮನಸ್ಸೆಲ್ಲ ಜಾಝ್ ಮೇಲೆ. ಬೆಟ್ಟದಂಥ ವೇದಿಕೆಯಲ್ಲೂ ನುಡಿಸಿದ್ದು ಪುಟ್ಟ ಡ್ರಮ್ ಸೆಟ್. 1967ರಿಂದ ಪ್ರವಾಸದಲ್ಲಿ ತಾವು ಮಲಗಿದ ಪ್ರತಿಯೊಂದು ಹಾಸಿಗೆಯ ಚಿತ್ರ ಬರೆದಿಟ್ಟುಕೊಂಡ ಮನುಷ್ಯ. ಆ ಕೈಯಿಂದ ಅಂಥ ಲೆಕ್ಕದ ಪೆಟ್ಟು ಬರುವುದು ನನಗಂತೂ ಸಹಜವಾಗಿಯೇ ಕಾಣುತ್ತದೆ.

ಕೀತ್‌ರ ಗಿಟಾರ್‌ನಲ್ಲೂ ಇಂಥದೇ ಒಂದು ಬಿಟ್ಟುಕೊಡುವಿಕೆ ಇದೆ. ಅರವತ್ತರ ದಶಕದ ಕೊನೆಗೆ ಅವರು ಗಿಟಾರ್‌ನ ಅತಿ ದಪ್ಪದ ಆರನೆಯ ತಂತಿಯನ್ನೇ ತೆಗೆದುಹಾಕಿ, ಉಳಿದ ಐದನ್ನು ಬ್ಲೂಸ್‌ನ ಹಳಬರು ಬಳಸುತ್ತಿದ್ದ ಶ್ರುತಿಗೆ ಕೂರಿಸಿದರು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಕೆಳಗಿನಿಂದ ಸ-ಪ-ಸ-ಗ-ಪ. ಯಾವ ತಂತಿಯನ್ನೂ ಒತ್ತದೆ ಒಮ್ಮೆ ಮೀಟಿದರೆ ತಂಬೂರಿಯಂತೆ ಅಷ್ಟೂ ತಂತಿ ಕೂಡಿ ಮೊಳಗುತ್ತವೆ. ಅದರ ಮೇಲೆ ಎರಡು ಬೆರಳು ಇಟ್ಟು ತೆಗೆದರೆ ಸಾಕು, ‘ಬ್ರೌನ್ ಶುಗರ್’, ‘ಸ್ಟಾರ್ಟ್ ಮಿ ಅಪ್’ ಇವುಗಳ ಮೊದಲ ತುಣುಕು ಹುಟ್ಟುತ್ತದೆ. ಹೀಗೆ ನುಡಿಸಲು ಅವರು ಹೆಚ್ಚಾಗಿ ಎತ್ತಿಕೊಳ್ಳುವುದು ಐವತ್ತರ ದಶಕದ ಒಂದು ಟೆಲಿಕಾಸ್ಟರ್ ಗಿಟಾರ್. ಅದಕ್ಕೆ ಇಟ್ಟ ಹೆಸರು ಮಿಕಾಬರ್, ಡಿಕನ್ಸ್‌ನ ಕಾದಂಬರಿಯ ಪಾತ್ರ.

2023ರಲ್ಲಿ ಕೀತ್ ತಮ್ಮ ಬೆರಳುಗಳ ಸಂಧಿವಾತದ ಬಗ್ಗೆ ಬಿಬಿಸಿಯವರ ಬಳಿ ಬಿಚ್ಚುಮನಸ್ಸಿನಿಂದ ಮಾತಾಡಿದರು. ಅದರಿಂದ ತಮ್ಮ ನುಡಿಸಾಣಿಕೆ ಬದಲಾಗಿದೆ ಎಂದೂ ಒಪ್ಪಿಕೊಂಡರು. ಅದು ಕಿವಿಗೆ ಗೊತ್ತಾಗುತ್ತದೆ. ಹಿಂದೆ ನಾಲ್ಕು ಬಾರಿ ಮೀಟುತ್ತಿದ್ದ ಕಡೆ ಈಗ ಎರಡು. ಆ ಎರಡನ್ನು ಎಲ್ಲಿ ಹಾಕುತ್ತಾರೆ ಎಂಬುದರಲ್ಲಿ ಅವರ ಇಡೀ ಆಯುಸ್ಸಿನ ತಿಳಿವಳಿಕೆ ಇದೆ. ಇಪ್ಪತ್ತೈದರ ಪ್ರಾಯದಲ್ಲಿ ಆರಿಸಿಕೊಂಡ ಆ ಐದು ತಂತಿಯ ಶ್ರುತಿ, ಎಂಬತ್ತರ ಗಂಟುಬಿದ್ದ ಬೆರಳುಗಳಿಗೆ ಒದಗಿಬಂತು. ಕಡಿಮೆ ಒತ್ತು, ಹೆಚ್ಚು ನಾದ. ಉಳಿದ ಜಾಗವನ್ನು 1975ರಿಂದ ಜತೆಗಿರುವ ರಾನಿ ವುಡ್ ತುಂಬುತ್ತಾರೆ. ಇಬ್ಬರ ಗಿಟಾರ್‌ಗಳಲ್ಲಿ ಯಾವುದು ಮುಖ್ಯವಾದ್ಯ, ಯಾವುದು ಪಕ್ಕವಾದ್ಯ ಎಂದು ಬೇರ್ಪಡಿಸಲು ಹೊರಟರೆ ಸೋಲು ಖಂಡಿತ. ಕೈ ಬದಲಾಗುತ್ತಲೇ ಇರುತ್ತದೆ.

ಇದನ್ನೆಲ್ಲ ಬೆಂಗಳೂರಿನವರು ಒಮ್ಮೆ ಕಣ್ಣಾರೆ ಕಂಡಿದ್ದಾರೆ. 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ಸ್ಟೋನ್ಸ್ ನುಡಿಸಿದರು. ಭಾರತದಲ್ಲಿ ಅವರ ಮೊತ್ತಮೊದಲ ಕಾರ್ಯಕ್ರಮ ಅದು, ಮುಂಬೈಯದು ಆಮೇಲೆ, 7ರಂದು. ತಂಡಕ್ಕೆ ನಲವತ್ತು ತುಂಬಿದ ಸಂಭ್ರಮದ ಪ್ರವಾಸ. ಚೀನಾದ ಕಾರ್ಯಕ್ರಮಗಳನ್ನು ಸಾರ್ಸ್ ನುಂಗಿಹಾಕಿತ್ತು. ಜಾಗರ್‌ಗೂ ಕೀತ್‌ಗೂ ಆಗ 59, ಚಾರ್ಲಿಗೆ 61. ‘ಇನ್ನೇನು ಇವರದು ಮುಗಿಯಿತು, ಈಗಲೇ ನೋಡಿಬಿಡೋಣ’ ಎಂದುಕೊಂಡು ಬಂದವರು ನನ್ನ ಸುತ್ತ ತುಂಬಾ ಇದ್ದರು. ಮಳೆ ಬಿದ್ದು ನೆಲ ಕಾಲಿಗೆ ಅಂಟುತ್ತಿತ್ತು. ನಾನು ನಿಂತದ್ದು ಹಿಂದೆ, ಧ್ವನಿ ನಿಯಂತ್ರಿಸುವವರ ಮೇಜಿನ ಬಳಿ. ಮುಂದಿನ ಬೇಲಿಯ ಹತ್ತಿರಕ್ಕಿಂತ ಅಲ್ಲಿ ಶಬ್ದ ಹದವಾಗಿರುತ್ತದೆ. ಆ ರಾತ್ರಿ ನನಗೆ ಮನವರಿಕೆಯಾದ ಸಂಗತಿ ಒಂದು. ಜಾಗರ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುವಾಗ ಎಲ್ಲರ ಕಣ್ಣೂ ಅವರ ಹಿಂದೆ ಓಡುತ್ತದೆ. ಅದೇ ಹೊತ್ತಿಗೆ ಕೀತ್ ಜನರಿಗೆ ಬೆನ್ನು ತಿರುಗಿಸಿ ಡ್ರಮ್ಸ್ ಹತ್ತಿರ ಹೋಗುತ್ತಾರೆ, ಚಾರ್ಲಿ ತಲೆಯೆತ್ತಿ ನೋಡುತ್ತಾರೆ, ಮುಂದಿನ ಆವರ್ತದಲ್ಲಿ ಹಾಡಿನ ಭಾರ ಬೇರೆ ಕಾಲಿಗೆ ಬೀಳುತ್ತದೆ. ಕಛೇರಿಯಲ್ಲಿ ಮೃದಂಗದವರು ಹಾಡುಗಾರರ ಮುಖ ನೋಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೆಕಾರ್ಡಿನಲ್ಲಿ ಈ ನೋಟ ಇಲ್ಲ, ಅದರ ಫಲ ಮಾತ್ರ ಇದೆ. ದೊಡ್ಡ ಪರದೆಯೂ ಇದನ್ನು ತೋರಿಸುವುದಿಲ್ಲ, ಅದು ಜಾಗರ್‌ರನ್ನು ತೋರಿಸುತ್ತಿರುತ್ತದೆ.

ಎಲ್ಲ ಹಿರಿಯ ತಂಡಗಳಿಗೂ ಈ ಮಾತು ಹೊಂದುವುದಿಲ್ಲ. ಅದೇ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ನುಡಿಸಿದ ಐರನ್ ಮೇಡನ್ ತಂಡದ ಸಂಗೀತ ನಿಂತಿರುವುದೇ ವೇಗ ಮತ್ತು ಕರಾರುವಾಕ್ಕುತನದ ಮೇಲೆ. ಸ್ಟೀವ್ ಹ್ಯಾರಿಸ್‌ರ ಬೇಸ್ ಗಿಟಾರ್‌ನ ನಾಗಾಲೋಟಕ್ಕೆ ಡ್ರಮ್ಸ್ ಸರಿಸಮ ಬೀಳಲೇಬೇಕು, ಅಲ್ಲಿ ತೂಗಾಟಕ್ಕೆ ಜಾಗವಿಲ್ಲ. ಅವರ ಡ್ರಮ್ಸ್ ವಾದಕ ನಿಕೋ ಮೆಕ್‌ಬ್ರೇನ್ 2023ರ ಜನವರಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ವೇದಿಕೆಗೆ ಮರಳಿದರು. 2024ರ ಡಿಸೆಂಬರ್‌ನಲ್ಲಿ ಸಾವೊ ಪಾಲೊದಲ್ಲಿ ನುಡಿಸಿ, 72ನೆಯ ವಯಸ್ಸಿನಲ್ಲಿ ಪ್ರವಾಸಕ್ಕೆ ವಿದಾಯ ಹೇಳಿದರು. ಅದು ಗೌರವದ ನಿರ್ಧಾರ. ತನ್ನ ಸಂಗೀತ ಮೈಯಿಂದ ಏನನ್ನು ಕೇಳುತ್ತದೆ ಎಂದು ತಿಳಿದವರು ಮಾಡುವಂಥದು. ಮುಪ್ಪು ಬಂದಾಗ ಯಾವ ಸಂಗೀತ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದು ಅದರ ಲಯದಲ್ಲೇ ಬರೆದಿರುತ್ತದೆ.

ಸ್ಟೋನ್ಸ್ ಬಗ್ಗೆ ನನ್ನ ತಕರಾರುಗಳೂ ಇವೆ. ಕ್ರೀಡಾಂಗಣದ ಗಾತ್ರಕ್ಕೆ ಹಾಡು ಹಿಗ್ಗಿಸುವುದು ಮೊದಲನೆಯದು. ಮೇಲಿನ ಸಾಲಿನಲ್ಲಿ ಕೂತವರಿಗೆ ಸ್ನೇರ್‌ನ ಪೆಟ್ಟು ಕಂಡ ಎಷ್ಟೋ ಹೊತ್ತಿಗೆ ಕೇಳುತ್ತದೆ. ಕೂದಲೆಳೆಯ ಲೆಕ್ಕದಲ್ಲಿ ಬದುಕುವ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಇನ್ನೊಂದು, ಜನಪ್ರಿಯ ಹಾಡುಗಳ ಜೀತ. ಕೊನೆಯ ಒಂದು ಗಂಟೆಯಲ್ಲಿ ಏನೇನು ಬರುತ್ತದೆ ಎಂದು ಮನೆಯಿಂದ ಹೊರಡುವ ಮೊದಲೇ ಬರೆದಿಡಬಹುದು. ಹೊಸ ಹಾಡು ಶುರುವಾದರೆ ಜನ ಬಿಯರ್ ತರಲು ಎದ್ದುಹೋಗುತ್ತಾರೆ. 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಬಂದಾಗ, ಹದಿನೆಂಟು ವರ್ಷಗಳ ನಂತರ ಸ್ವಂತ ರಚನೆಗಳ ಆಲ್ಬಮ್ ಕೊಟ್ಟವರ ಮುಂದೆ ಹಾಗೆ ಎದ್ದುಹೋಗುವುದು ಕೇಳುಗರ ಸೋಲು. 2021ರಲ್ಲಿ ‘ಬ್ರೌನ್ ಶುಗರ್’ ಹಾಡನ್ನು ಪಟ್ಟಿಯಿಂದ ತೆಗೆದಾಗ ಗಲಾಟೆ ಎದ್ದಿತು. ಗುಲಾಮಗಿರಿಯ ಕ್ರೌರ್ಯವನ್ನು ಕುಣಿತದ ಲಯಕ್ಕೆ ಕೂರಿಸಿದ ಹಾಡು ಅದು. ಅದರ ಗಿಟಾರ್ ನನಗೆ ಪ್ರಿಯ, ಆದರೂ ತೆಗೆದದ್ದು ಸರಿ.

ಆ 2021ರ ಆಗಸ್ಟ್ 24ರಂದೇ ಚಾರ್ಲಿ ವಾಟ್ಸ್ ತೀರಿಕೊಂಡದ್ದು, ಎಂಬತ್ತನೆಯ ವಯಸ್ಸಿನಲ್ಲಿ. ತಂಡ ಅಲ್ಲಿಗೇ ನಿಲ್ಲಬೇಕಿತ್ತು ಎಂದವರಿದ್ದಾರೆ, ಅವರ ನೋವು ನನಗೆ ಅರ್ಥವಾಗುತ್ತದೆ. ಒಂದು ತಿಂಗಳಿಗೆ ಸೇಂಟ್ ಲೂಯಿಯಲ್ಲಿ ಪ್ರವಾಸ ಶುರುವಾಯಿತು. ಡ್ರಮ್ಸ್‌ಗೆ ಕೂತವರು ಸ್ಟೀವ್ ಜೋರ್ಡನ್, ಎಂಬತ್ತರ ದಶಕದಿಂದ ಕೀತ್‌ರ ಸ್ವಂತ ತಂಡದಲ್ಲಿ ನುಡಿಸಿದವರು. ಜೋರ್ಡನ್‌ರ ಪೆಟ್ಟು ಗಟ್ಟಿ, ನಡೆ ನೇರ. ಬೆನ್ನೆಲುಬು ಬಿಗಿಯಾದಂತಾಗಿ ಜಾಗರ್ ಹೆಚ್ಚು ನಿರಾಳವಾಗಿ ಹಾಡುತ್ತಾರೆ. ಆದರೆ ಆ ಮೂರನೆಯ, ಏಳನೆಯ ಎಣಿಕೆಯ ಖಾಲಿ ಜಾಗ ಮುಚ್ಚಿಹೋಗಿದೆ. ನನ್ನ ಕಿವಿ ಈಗಲೂ ಅದನ್ನು ಹುಡುಕುತ್ತದೆ. ಚಾರ್ಲಿಯವರ ಅನುಕರಣೆಗೆ ಹೋಗದ ಜೋರ್ಡನ್‌ರ ವಿವೇಕವನ್ನು ಮೆಚ್ಚುತ್ತಲೇ ಈ ಮಾತು ಹೇಳುತ್ತಿದ್ದೇನೆ.

ಇಷ್ಟು ವಯಸ್ಸಾದವರ ತಂಡವನ್ನು ಹಿಂದೆ ನಿಂತು ಹಿಡಿದಿರುವ ಇನ್ನೊಬ್ಬರಿದ್ದಾರೆ, 1982ರಿಂದ ಕೀಬೋರ್ಡ್ ನುಡಿಸುತ್ತಿರುವ ಚಕ್ ಲೆವೆಲ್. ಪ್ರತಿ ಹಾಡಿನ ಶ್ರುತಿ, ವೇಗ, ತಿರುವುಗಳನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿರುವವರು. ಎಂದೋ ನುಡಿಸಿ ಬಿಟ್ಟ ಹಾಡನ್ನು ಜಾಗರ್ ಥಟ್ಟನೆ ಕೇಳಿದರೆ ತೆಗೆದುಕೊಡುವುದು ಆ ಪುಸ್ತಕ. ಪ್ರವಾಸ ಇಲ್ಲದಾಗ ಅವರು ಜಾರ್ಜಿಯಾದಲ್ಲಿ ಮರ ಬೆಳೆಸುವ ಕೃಷಿಕರು. ಜಾಗರ್ 2019ರಲ್ಲಿ ಹೃದಯದ ಕವಾಟದ ಚಿಕಿತ್ಸೆ ಮಾಡಿಸಿಕೊಂಡು, ಅದೇ ಬೇಸಿಗೆಯಲ್ಲಿ ಷಿಕಾಗೋ ವೇದಿಕೆಯಲ್ಲಿ ಓಡಾಡಿದ್ದನ್ನು ಎಲ್ಲ ಪತ್ರಿಕೆಗಳೂ ಬರೆದವು. ಲೆವೆಲ್‌ರ ಪುಸ್ತಕದ ಬಗ್ಗೆ ಬರೆದವರು ಕಡಿಮೆ.

ಈ ಸಂಗೀತದ ಬೇರು ಮುಪ್ಪಿಗೆ ಹೆದರದು ಎಂಬ ನನ್ನ ಮಾತಿಗೆ ಇನ್ನೊಂದು ಆಧಾರ ಮಾರ್ಟಿನ್ ಸ್ಕಾರ್ಸೇಸಿಯವರ ‘ಶೈನ್ ಎ ಲೈಟ್’ ಚಿತ್ರದಲ್ಲಿದೆ. 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಸ್ಟೋನ್ಸ್ ಕಾರ್ಯಕ್ರಮವನ್ನು ಚಿತ್ರೀಕರಿಸಿದ್ದು. ನಡುವೆ ಎಪ್ಪತ್ತರ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಬಂದು ಮಡ್ಡಿ ವಾಟರ್ಸ್‌ರ ಹಾಡೊಂದನ್ನು ಎತ್ತಿಕೊಳ್ಳುತ್ತಾರೆ. ಅವರು ಬಂದು ನಿಂತ ಕೂಡಲೇ ವೇದಿಕೆಯ ಗತ್ತು ಬದಲಾಗುತ್ತದೆ. ಅರವತ್ತು ದಾಟಿದ ಜಾಗರ್ ಹಾರ್ಮೋನಿಕಾ ಹಿಡಿದು ಅವರ ಮುಂದೆ ಮತ್ತೆ ಶಿಷ್ಯರಾಗುತ್ತಾರೆ. ಹಾಡು ಮುಗಿದಾಗ ಕೀತ್ ತಮ್ಮ ಕೊರಳಿನ ಗಿಟಾರನ್ನೇ ತೆಗೆದು ಬಡ್ಡಿ ಗೈ ಕೈಗೆ ಕೊಟ್ಟುಬಿಡುತ್ತಾರೆ. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಹೊಸ ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದಾಗ ಸ್ಟೋನ್ಸ್ ಕೈ ಹದಕ್ಕೆ ಬರಲೆಂದು ಹಳೆಯ ಬ್ಲೂಸ್ ನುಡಿಸತೊಡಗಿದರು. ಅದು ನಿಲ್ಲಲೇ ಇಲ್ಲ. ಮೂರು ದಿನದಲ್ಲಿ ‘ಬ್ಲೂ ಆ್ಯಂಡ್ ಲೋನ್ಸಮ್’ ಎಂಬ ಇಡೀ ಆಲ್ಬಮ್ ಮುದ್ರಣಗೊಂಡಿತು. ಹದಿಹರೆಯದಲ್ಲಿ ಕಲಿತ ಪಾಠವನ್ನು ಎಪ್ಪತ್ತರಲ್ಲಿ ಒಪ್ಪಿಸಿದ ಹಾಗೆ ಅದು ನನಗೆ ಕೇಳಿಸಿತು. ಜಾಗರ್‌ರ ಹಾರ್ಮೋನಿಕಾ ಅಷ್ಟು ಚೆನ್ನಾಗಿ ಬೇರೆಲ್ಲೂ ಸಿಕ್ಕಿಲ್ಲ.

ಪ್ರಶ್ನೆ ಕೇಳಿದ ಓದುಗರು ಮನೆಯಲ್ಲೇ ಕೂತು ಕೇಳುವೆನೆಂದರೆ ಅವರಿಗೆ ಒಂದು ಕೆಲಸ ಕೊಡುತ್ತೇನೆ. ‘ಮಿಡ್‌ನೈಟ್ ರ‍್ಯಾಂಬ್ಲರ್’ ಎಂಬ ಒಂದೇ ಹಾಡಿನ ಎರಡು ಮುದ್ರಣ ಹುಡುಕಿ. ಒಂದು 1969ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನುಡಿಸಿದ್ದು, ಮರುವರ್ಷ ಆಲ್ಬಮ್ಮಾಗಿ ಬಂದದ್ದು. ಇನ್ನೊಂದು 2013ರ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನದು. ಎರಡರಲ್ಲೂ ಜಾಗರ್, ಕೀತ್, ಚಾರ್ಲಿ ಇದ್ದಾರೆ. 1974ರಲ್ಲಿ ತಂಡ ಬಿಟ್ಟ ಮಿಕ್ ಟೇಲರ್ ಈ ಹಾಡಿಗೆಂದು ಅತಿಥಿಯಾಗಿ ಬಂದು ಎರಡನೆಯದರಲ್ಲೂ ಗಿಟಾರ್ ನುಡಿಸಿದ್ದಾರೆ. ನಡುವೆ ಸುಮಾರು 44 ವರ್ಷಗಳ ಅಂತರ. ಹಾಡಿನ ಮಧ್ಯಭಾಗದಲ್ಲಿ ವೇಗ ಇಳಿದು ಇಳಿದು ಬಹುತೇಕ ನಿಂತೇಹೋಗುತ್ತದೆ, ಆಮೇಲೆ ನಿಧಾನಕ್ಕೆ ಏರತೊಡಗುತ್ತದೆ. ಅಲ್ಲಿ ಕಿವಿ ಇಡಿ. ಇಪ್ಪತ್ತೈದರವರು ನಿಲುಗಡೆಯನ್ನು ಜನರಿಗೆ ಬೆದರಿಕೆಯಂತೆ ಒಡ್ಡಿ ಬೇಗ ಓಟಕ್ಕೆ ಇಳಿಯುತ್ತಾರೆ. ಎಪ್ಪತ್ತರ ಹೊಸ್ತಿಲಿನವರು ಅಲ್ಲಿ ಕಾಯುತ್ತಾರೆ. ಚಾರ್ಲಿ ಕಾಯುವುದನ್ನು ನೋಡಿ ಉಳಿದವರೂ ಕಾಯುತ್ತಾರೆ. ಮೊದಲನೆಯದನ್ನು ಹೆಚ್ಚಿನ ವಿಮರ್ಶಕರು ಮೇಲೆ ಇಡುತ್ತಾರೆ. ನನ್ನ ಮತ ಎರಡನೆಯದಕ್ಕೆ.